ಸಿಯೆನಾದ ಮಾಯೆಸ್ತಾ: ಮುಂದೆ ಬೇಡಿಕೆ, ಹಿಂದೆ ಕಥೆ

ಯೇಸುವಿನ ತಾಯಿ ಮರಿಯಾ ಸಿಂಹಾಸನದಲ್ಲಿ ಕೂತಿರುವ, ಹಿಂಬದಿಯಲ್ಲೂ ಚಿತ್ರಗಳಿರುವ ದೊಡ್ಡ ಹಲಗೆಚಿತ್ರ ಮಾಯೆಸ್ತಾ; ಅದನ್ನು ನೋಡಲು ಇಟಲಿಯ ಸಿಯೆನಾಕ್ಕೆ ಹೋಗಬೇಕು. ಫ್ಲಾರೆನ್ಸ್‌ನಿಂದ ಸಿಯೆನಾಕ್ಕೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಆದರೆ ರೈಲು ನಿಲ್ದಾಣ ಗುಡ್ಡದ ಬುಡದಲ್ಲಿ, ಹಳೆಯ ಊರು ಗುಡ್ಡದ ಮೇಲೆ. ಬಸ್ಸಾದರೆ ಹಳೆಯ ಊರಿನ ಅಂಚಿನ ಪಿಯಾತ್ಸಾ ಗ್ರಾಮ್ಶಿಯ ಹತ್ತಿರವೇ ಇಳಿಸುತ್ತದೆ. ಅಲ್ಲಿಂದ ಮುಖ್ಯ ಚರ್ಚ್ ದುವೊಮೊಗೆ ಕಾಲು ಗಂಟೆ ನಡೆದರೆ ಸಾಕು. ಜುಲೈ 2 ಮತ್ತು ಆಗಸ್ಟ್ 16ರಂದು ಪಾಲಿಯೊ ಕುದುರೆ ಓಟ ಇರುತ್ತದೆ. ಚಿತ್ರ ನೋಡಲೆಂದೇ ಹೋಗುವವರು ಆ ದಿನಗಳನ್ನು ಬಿಡುವುದೇ ವಾಸಿ. ಚರ್ಚಿನ ಒಳಗೂ ಹೋಗುವುದಾದರೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು.

ನೋಡಬೇಕಾದ ಚಿತ್ರ ಈಗ ಚರ್ಚಿನಲ್ಲಿಲ್ಲ, ಪಕ್ಕದ ಮ್ಯೂಸಿಯಂನಲ್ಲಿದೆ. ಆ ಕಟ್ಟಡಕ್ಕೂ ಒಂದು ಹಿನ್ನೆಲೆಯಿದೆ: 1339ರಲ್ಲಿ ದುವೊಮೊವನ್ನು ಭಾರಿಯಾಗಿ ಹಿಗ್ಗಿಸಲು ಹೊರಟ ಸಿಯೆನಾ, 1348ರ ಪ್ಲೇಗಿನ ನಂತರ ಆ ಆಸೆ ಕೈಬಿಟ್ಟಿತು. ಅರ್ಧಕ್ಕೆ ನಿಂತ ಗೋಡೆಗಳ ನಡುವೆಯೇ ಈಗಿನ ಮ್ಯೂಸಿಯಂ. ಕೆಳಗಿನ ಅಂತಸ್ತಿನಲ್ಲಿ ಜೊವಾನಿ ಪಿಸಾನೊನ ಕಲ್ಲಿನ ಮೂರ್ತಿಗಳು, ಮೇಲಿನ ಮಬ್ಬುಬೆಳಕಿನ ಕೋಣೆಯಲ್ಲಿ ದೂಚೊ ದಿ ಬುವೊನಿನ್ಸೆನ್ಯನ ಮಾಯೆಸ್ತಾ. ಸಾಧ್ಯವಾದರೆ ಚಿಕ್ಕ ಬೈನಾಕ್ಯುಲರ್ ಒಯ್ಯಿರಿ. ಹಿಂಬದಿಯ ಮೇಲಿನ ಸಾಲಿನ ಚಿತ್ರಗಳು ಬರಿಗಣ್ಣಿಗೆ ಅರ್ಧ ಮಾತ್ರ ದಕ್ಕುತ್ತವೆ.

1308ರ ಅಕ್ಟೋಬರಿನ ಒಪ್ಪಂದದಂತೆ ದೂಚೊ ತನ್ನ ಕೈಯಾರೆ ಕೆಲಸ ಮಾಡಬೇಕು, ಕೆಲಸ ಮಾಡಿದ ದಿನಕ್ಕೆ 16 ಸೋಲ್ದಿ (ಆಗಿನ ನಾಣ್ಯ) ಕೂಲಿ. 1311ರ ಜೂನ್ 9ರಂದು ಊರು ಅಂಗಡಿಗಳನ್ನು ಮುಚ್ಚಿ, ಗಂಟೆ ಬಾರಿಸಿ, ಮೆರವಣಿಗೆಯಲ್ಲಿ ಚಿತ್ರವನ್ನು ಚರ್ಚಿಗೆ ತಂದಿತು. ಮುಖ್ಯ ಬಲಿಪೀಠದ ಮೇಲೆ ನಿಂತ ಈ ಚಿತ್ರಕ್ಕೆ ಎರಡು ಮುಖ. ಮುಂದಿನದು ಜನರಿಗೆ, ಹಿಂದಿನದು ಪಾದ್ರಿಗಳಿಗೆ. 1771ರಲ್ಲಿ ಹಲಗೆಯನ್ನು ಗರಗಸದಿಂದ ಸೀಳಿ ಎರಡು ಮುಖಗಳನ್ನೂ ಬೇರೆ ಮಾಡಿದರು. ಆಗಲೇ ಚಿತ್ರಕ್ಕೆ ಪೆಟ್ಟು ಬಿತ್ತು. ಈಗ ಅವು ಒಂದೇ ಕೋಣೆಯಲ್ಲಿ ಎದುರುಬದುರಾಗಿವೆ.

ಮುಂಬದಿ ಸುಮಾರು ನಾಲ್ಕು ಮೀಟರ್ ಅಗಲ, ಎರಡು ಮೀಟರಿಗೆ ತುಸು ಹೆಚ್ಚು ಎತ್ತರ. ನಡುವೆ ಮಗುವನ್ನು ಎತ್ತಿಕೊಂಡು ಸಿಂಹಾಸನದಲ್ಲಿ ಕೂತ ಮರಿಯಾ. ಉಳಿದವರೆಲ್ಲರಿಗಿಂತ ಅವಳು ತುಂಬ ದೊಡ್ಡವಳು. ಇದು ಅಳತೆ ತಪ್ಪಿದ್ದಲ್ಲ, ಇಲ್ಲಿ ಗಾತ್ರವೆಂದರೆ ಸ್ಥಾನ. ಬಣ್ಣದ ಅಮೃತಶಿಲೆ ಕೂರಿಸಿದಂತೆ ಬರೆದ ಸಿಂಹಾಸನದ ಎರಡೂ ಪಕ್ಕಗಳು ಹೊರಕ್ಕೆ ತೆರೆದುಕೊಂಡು ನೋಡುವವರನ್ನು ಒಳಕ್ಕೆ ಕರೆಯುತ್ತವೆ. ಸುತ್ತ ದೇವದೂತರು, ಸಂತರು ಸಾಲುಸಾಲಾಗಿ. ಅವರ ನಡುವೆ ಜಾಗವೇ ಇಲ್ಲ, ಹಿಂದೆ ಆಕಾಶವೂ ಇಲ್ಲ, ಬರೀ ಚಿನ್ನ.

ಮೊದಲು ನೋಡಬೇಕಾದದ್ದು ಮುಂದೆ ಮಂಡಿಯೂರಿದ ನಾಲ್ವರನ್ನು: ಅನ್ಸಾನೊ, ಸವಿನೊ, ಕ್ರೆಶೆನ್ಸಿಯೊ, ವಿತ್ತೋರೆ. ಪೌಲ, ಪೇತ್ರರಂಥ ದೊಡ್ಡವರು ಹಿಂದೆ ನಿಂತಿರುವಾಗ ಇವರಿಗೆ ಮುಂದಿನ ಸಾಲು ಯಾಕೆ? ಇವರು ಸಿಯೆನಾದ ರಕ್ಷಕ ಸಂತರು, ಊರಿನ ಪರವಾಗಿ ಅಹವಾಲು ಹೇಳುವವರು. 1260ರಲ್ಲಿ ಮೊಂತಪೆರ್ತಿ ಕಾಳಗದ ಮುನ್ನ ಸಿಯೆನಾ ತನ್ನನ್ನು ಮರಿಯಾಳಿಗೆ ಒಪ್ಪಿಸಿಕೊಂಡಿತ್ತು, ಫ್ಲಾರೆನ್ಸನ್ನು ಗೆದ್ದಿತ್ತು. ಸಿಂಹಾಸನದ ಬುಡದ ಲ್ಯಾಟಿನ್ ಬರಹದ ತಾತ್ಪರ್ಯ ಇಷ್ಟು: ದೇವರ ಪವಿತ್ರ ತಾಯೇ, ಸಿಯೆನಾಕ್ಕೆ ನೆಮ್ಮದಿ ಕೊಡು, ನಿನ್ನನ್ನು ಹೀಗೆ ಬರೆದ ದೂಚೊನಿಗೆ ಆಯುಸ್ಸು ಕೊಡು. ಊರಿನ ಬೇಡಿಕೆಯ ಬೆನ್ನಿಗೇ ಕಲಾವಿದ ತನ್ನದನ್ನೂ ಸೇರಿಸಿಬಿಟ್ಟಿದ್ದಾನೆ!

ಹತ್ತಿರ ಹೋದರೆ ಕೆಲಸದ ಪದರಗಳು ತಿಳಿಯುತ್ತವೆ. ಪಾಪ್ಲರ್ ಹಲಗೆಯ ಮೇಲೆ ಸರೇಸು ಮತ್ತು ಜಿಪ್ಸಂ ಕಲಸಿದ ಗೆಸ್ಸೊ, ಅದರ ಮೇಲೆ ಕೆಂಪು ಜೇಡಿ, ಅದರ ಮೇಲೆ ಚಿನ್ನದ ರೇಕು. ಮೈಸೂರು ಶೈಲಿಯ ಚಿತ್ರಗಳಲ್ಲಿ ಗೆಸ್ಸೊವನ್ನು ಉಬ್ಬಿಸಿ ಚಿನ್ನ ಅಂಟಿಸುತ್ತಾರೆ. ಇಲ್ಲಿ ಸಮತಟ್ಟಾಗಿ ನುಣುಪು ಮಾಡಿ, ಉಜ್ಜಿ ಹೊಳಪು ತಂದು, ಪ್ರಭಾವಳಿಯ ಕುಸುರಿಯನ್ನು ಒಳಕ್ಕೆ ಒತ್ತುತ್ತಾರೆ. ಹಾಗಾಗಿ ಒಂದೇ ಕಡೆ ನಿಂತು ನೋಡಬೇಡಿ, ಪಕ್ಕಕ್ಕೆ ಸರಿಯುತ್ತಾ ನೋಡಿ. ಬೆಳಕಿನ ಕೋನ ಬದಲಾದಾಗಲೇ ಆ ಒತ್ತುಗಳು ಏಳುತ್ತವೆ. ಚಿನ್ನ ಸವೆದಲ್ಲಿ ಕೆಂಪು ಜೇಡಿ ಇಣುಕುತ್ತದೆ. ಆ ಕಾಲದ ಚಿತ್ರಗಳ ಮುಖಗಳಲ್ಲಿ ಕಾಣುವ ಹಸಿರು ಛಾಯೆಗೂ ಕಾರಣ ಇಂಥದ್ದೇ: ಮೈಬಣ್ಣಕ್ಕೆ ಮೊದಲು ಹಸಿರು ಮಣ್ಣು ಬಳಿದು, ಮೇಲೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಗುಲಾಬಿಯನ್ನು ತೆಳುವಾಗಿ ಎಳೆಯುತ್ತಿದ್ದರು. ಅತಿಯಾಗಿ ಸ್ವಚ್ಛ ಮಾಡಿದರೆ ಗುಲಾಬಿ ಹೋಗಿ ಹಸಿರು ಉಳಿಯುತ್ತದೆ.

ಹೆಚ್ಚಿನವರು ಇಷ್ಟು ನೋಡಿ ಹೊರಡುತ್ತಾರೆ. ನಿಜಕ್ಕೂ ಹೆಚ್ಚು ಹೊತ್ತು ಕೊಡಬೇಕಾದದ್ದು ಹಿಂಬದಿಗೆ. ಕ್ರಿಸ್ತನ ಕಡೆಯ ದಿನಗಳ 26 ದೃಶ್ಯಗಳು ಅಲ್ಲಿವೆ. ಮೇಲಿನ ಎಡಮೂಲೆಯಿಂದ ಓದಲು ಹೊರಟರೆ ದಿಕ್ಕು ತಪ್ಪುವುದು ಖಂಡಿತ. ಕಥೆ ಶುರುವಾಗುವುದು ಕೆಳಗಿನ ಎಡಮೂಲೆಯ ಜೆರುಸಲೇಮ್ ಪ್ರವೇಶದಿಂದ. ಕೆಳಗಿನ ಭಾಗ ಮುಗಿಸಿ ಮೇಲಕ್ಕೆ ಹೋಗಬೇಕು. ಮತ್ತೆ ಜೀವಂತನಾದ ಕ್ರಿಸ್ತ ಶಿಷ್ಯರಿಗೆ ಸಿಗುವ ಎಮ್ಮಾವುಸ್ ದಾರಿಯ ದೃಶ್ಯ ಮೇಲಿನ ಬಲಮೂಲೆಯಲ್ಲಿದೆ. ನಡುವಿನ ಶಿಲುಬೆಯ ದೃಶ್ಯ ದೊಡ್ಡದು: ಹೆಚ್ಚಿನ ದೃಶ್ಯಗಳಿಗಿಂತ ಎತ್ತರ ದುಪ್ಪಟ್ಟು, ಅಗಲವೂ ಹೆಚ್ಚು.

ದೂಚೊನ ಜಾಣ್ಮೆ ಕಾಣಬೇಕಾದರೆ ಕ್ರಿಸ್ತನ ಶಿಷ್ಯ ಪೇತ್ರನ ಮೊದಲ ನಿರಾಕರಣೆಯ ದೃಶ್ಯ ಹುಡುಕಿ. ಕೆಳಗೆ ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ಪೇತ್ರ ‘ಅವನನ್ನು ನಾನರಿಯೆ’ ಎನ್ನುತ್ತಿದ್ದಾನೆ. ಮೇಲಿನ ಚೌಕದಲ್ಲಿ ಅದೇ ಹೊತ್ತಿಗೆ ಯೆಹೂದಿ ಯಾಜಕ ಅನ್ನಾಸನ ಮುಂದೆ ಕ್ರಿಸ್ತನ ವಿಚಾರಣೆ. ಎರಡನ್ನೂ ಒಂದೇ ಮೆಟ್ಟಿಲ ಸಾಲು ಜೋಡಿಸುತ್ತದೆ. ಕ್ರಿಸ್ತನ ಉಡುಪನ್ನೂ ಗಮನಿಸಿ: ಸಾವಿಗೆ ಮೊದಲು ಕೆಂಪು ಅಂಗಿ, ನೀಲಿ ಮೇಲುವಸ್ತ್ರ, ಪುನರುತ್ಥಾನದ ನಂತರ ಶಿಷ್ಯೆ ಮಗ್ದಲದ ಮರಿಯಾಳಿಗೆ ಕಾಣಿಸಿಕೊಂಡಾಗ ಬಟ್ಟೆಯ ತುಂಬ ಚಿನ್ನದ ಗೆರೆಗಳು. ಬಣ್ಣವೇ ಇಲ್ಲಿ ಕಥೆ ಹೇಳುತ್ತದೆ.

ಮಾಯೆಸ್ತಾವನ್ನು ಬಿಚ್ಚಿದಾಗ ಚದುರಿದ ಕೆಲವು ಚಿಕ್ಕ ಹಲಗೆಗಳು ಲಂಡನ್, ವಾಷಿಂಗ್ಟನ್, ನ್ಯೂಯಾರ್ಕ್, ಮ್ಯಾಡ್ರಿಡ್ ಸೇರಿವೆ. ಲಂಡನ್ನಿನಲ್ಲಿರುವ ಕನ್ನಡಿಗರು ನ್ಯಾಷನಲ್ ಗ್ಯಾಲರಿಯಲ್ಲಿ ಮೂರನ್ನು ಪುಕ್ಕಟೆ ನೋಡಬಹುದು.

ಸಿಯೆನಾದಲ್ಲಿ ಸಮಯ ಉಳಿದರೆ ಊರಿನ ಪುರಭವನ ಪಲಾತ್ಸೊ ಪುಬ್ಲಿಕೊಗೆ ಇಳಿಯಿರಿ. ಅಲ್ಲಿ 1315ರಲ್ಲಿ ಸಿಮೊನೆ ಮಾರ್ತೀನಿ ಇದೇ ವಿಷಯವನ್ನು ಸಭಾಂಗಣದ ಗೋಡೆಗೆ ಬರೆದ. ಮರಿಯಾಳ ಮೇಲೆ ಚಪ್ಪರ ಬಂದಿದೆ, ಮಗುವಿನ ಕೈಯಲ್ಲಿ ‘ಭೂಮಿಯ ನ್ಯಾಯಾಧಿಪತಿಗಳೇ, ನ್ಯಾಯವನ್ನು ಪ್ರೀತಿಸಿರಿ’ ಎಂಬ ಸುರುಳಿ. ಆ ಕೋಣೆಯಲ್ಲಿ ಕೂತು ಊರಾಳುತ್ತಿದ್ದವರಿಗೇ ಹೇಳಿದ ಮಾತು ಅದು.