ಸಕ್ಕರೆ ಇಲ್ಲದ ಕಾಫಿಗೆ ಮೂರು ವಾರ

ಕಾಫಿಗೆ ಸಕ್ಕರೆ ಹಾಕುವುದು ಬಿಟ್ಟು ಇವತ್ತಿಗೆ ಮೂರು ವಾರ. ಮೊದಲ ನಾಲ್ಕೈದು ದಿನ ಕಷ್ಟವೇ ಆಯಿತು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟುಬಿಡುತ್ತಿದ್ದೆ. ಈಗ ಡಿಕಾಕ್ಷನ್ನಿನ ಘಮ, ಅದರ ಸಣ್ಣ ಕಹಿ, ಹಾಲಿನ ರುಚಿ ಎಲ್ಲ ಬೇರೆ ಬೇರೆಯಾಗಿ ನಾಲಿಗೆಗೆ ಸಿಗುತ್ತಿವೆ. ಹಾಲಿಗೆ ತನ್ನದೇ ಸಿಹಿ ಇದೆ ಅಂತ ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ.

ಮೊನ್ನೆ ಸುಮ್ನೆ ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ. ಚಮಚಕ್ಕೆ 4 ಗ್ರಾಂ ಅಂದರೂ 32 ಗ್ರಾಂ! ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಅದೂ ಬಿಸ್ಕತ್ತು, ಜ್ಯೂಸ್ ಎಲ್ಲ ಸೇರಿ. ನನ್ನದು ಬರೀ ಕಾಫಿಯಲ್ಲೇ ದಾಟಿತ್ತು.

"ಬೆಲ್ಲ ಹಾಕ್ಕೋ, ಏನೂ ಆಗಲ್ಲ" ಅಂತಾರೆ ಅಮ್ಮ. ಬೆಲ್ಲದಲ್ಲೂ ಹೆಚ್ಚುಪಾಲು ಸಕ್ಕರೆಯೇ ಅಲ್ವಾ? ಹಬ್ಬದ ಒಬ್ಬಟ್ಟಿಗೆ ಇರಲಿ ಅಂದಿದ್ದೇನೆ. ಅದನ್ನು ಬಿಡುವ ಮನಸ್ಸು ನನಗಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಬರುತ್ತಿದ್ದ ಜೋಂಪು ಕಡಿಮೆಯಾಗಿದೆ. ಸಂಜೆ ಮಗಳ ಜೊತೆ ಶಟಲ್ ಆಡುವಷ್ಟು ಶಕ್ತಿ ಉಳಿದಿರುತ್ತದೆ. ನಿನ್ನೆ ಕತ್ತಲಾಗಿ ಕಾಕ್ ಕಾಣದೇ ಹೋಗುವವರೆಗೂ ಆಡಿದೆವು.