ನೈರೋಬಿಯಲ್ಲಿ ಸಿಕ್ಕ ಧಾರವಾಡದ ನಂಟು

ಅಕ್ಟೋಬರ್ 20 ಕೀನ್ಯಾದಲ್ಲಿ ಸರ್ಕಾರಿ ರಜೆ. ಮಶುಜಾ ಡೇ, ಅಂದರೆ ವೀರರ ದಿನ. 1952ರಲ್ಲಿ ಅದೇ ದಿನ ಬ್ರಿಟಿಷ್ ಗವರ್ನರ್ ತುರ್ತು ಪರಿಸ್ಥಿತಿ ಹೇರಿ, ರಾತ್ರೋರಾತ್ರಿ ಸ್ವಾತಂತ್ರ್ಯ ಹೋರಾಟದ ನಾಯಕ ಜೊಮೊ ಕೆನ್ಯಾಟಾ ಮತ್ತು ಜೊತೆಯವರನ್ನು ಹಿಡಿಸಿದ್ದ. ಊರಿಂದ ಫೋನ್ ಮಾಡಿದವರೆಲ್ಲ ಸಿಂಹ ನೋಡಿದ್ಯಾ, ಜಿರಾಫೆ ನೋಡಿದ್ಯಾ ಅಂತಲೇ ಕೇಳುತ್ತಾರೆ. ನೋಡಿದ್ದೇನೆ ಮಾರಾಯ್ರೇ. ಇವತ್ತು ಬೇರೆ ವಿಷಯ: ಇಲ್ಲಿನ ಸ್ವಾತಂತ್ರ್ಯ ಹೋರಾಟ, ಅದರಲ್ಲಿ ಸಿಕ್ಕ ನಮ್ಮ ಧಾರವಾಡದ ನಂಟು.

ಇಲ್ಲಿನ ಹೋರಾಟದ ಬುಡ ಇರುವುದು ಜಮೀನಿನಲ್ಲಿ. ನೈರೋಬಿಯಿಂದ ಉತ್ತರಕ್ಕೆ ಹೊರಟರೆ ತಂಪು ಹವೆ, ಕೆಂಪು ಮಣ್ಣು, ಕಾಫಿ, ಟೀ ತೋಟ, ಥೇಟ್ ನಮ್ಮ ಕೊಡಗಿನ ಹಾಗೆ. ಇಂಥ ಎತ್ತರದ ಒಳ್ಳೆ ನೆಲವನ್ನೆಲ್ಲ ಬಿಳಿಯರಿಗೆ ಮಾತ್ರ ಅಂತ ಎತ್ತಿಟ್ಟರು. ಇಲ್ಲಿನ ಕಿಕುಯು ಬುಡಕಟ್ಟಿನ ಜನ ತಮ್ಮದೇ ನೆಲದಲ್ಲಿ ಕೂಲಿಯಾದರು. ಗಂಡಸರು ಕಿಪಾಂಡೆ ಅನ್ನುವ ಕಾಗದ ಇಟ್ಟುಕೊಂಡೇ ಓಡಾಡಬೇಕಿತ್ತು. ಬೆರಳಚ್ಚು, ಯಾವ ದೊರೆಯ ಹತ್ತಿರ ಕೆಲಸ, ಸಂಬಳ ಎಷ್ಟು, ಎಲ್ಲ ಅದರಲ್ಲಿ. ಅದನ್ನು ಒಂದು ಲೋಹದ ಡಬ್ಬಿಯಲ್ಲಿ ಹಾಕಿ ಕೊರಳಿಗೆ ನೇತುಹಾಕಿಕೊಳ್ಳಬೇಕು.

ಆಮೇಲೆ ಮಾವ್ ಮಾವ್. ಕಾಡು ಸೇರಿ ಬಂದೂಕು ಹಿಡಿದವರು. ಅವರ ಕೈಯಲ್ಲಿ ಸತ್ತ ಬಿಳಿ ವಲಸಿಗರು 32 ಜನ, ಸರ್ಕಾರ ಗಲ್ಲಿಗೆ ಹಾಕಿದ್ದು ಸಾವಿರಕ್ಕೂ ಜಾಸ್ತಿ. ಮಾವ್ ಮಾವ್‌ನವರು ಕೊಂದವರಲ್ಲಿ ಸರ್ಕಾರದ ಕಡೆ ನಿಂತ ಕಿಕುಯುಗಳೇ ಹೆಚ್ಚು, ಅದನ್ನೂ ಹೇಳಬೇಕು. ಬ್ರಿಟಿಷರು ಹಳ್ಳಿಗಳನ್ನು ಎಬ್ಬಿಸಿ, ಸುತ್ತ ಕಂದಕ ತೋಡಿದ ಶಿಬಿರಗಳಿಗೆ ಜನರನ್ನು ತುಂಬಿದರು. ನನ್ನ ಆಫೀಸಿನ ಒಬ್ಬರ ಅಜ್ಜಿ ನ್ಯೇರಿ ಕಡೆಯವರು, ಆ ಕಂದಕ ತೋಡಿದವರಲ್ಲಿ ಒಬ್ಬರು. ಅದರ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡುತ್ತಿರಲಿಲ್ಲವಂತೆ.

2013ರಲ್ಲಿ ಬ್ರಿಟನ್ ಕೊನೆಗೂ ಹಿಂಸೆ ನಡೆದಿದ್ದನ್ನು ಒಪ್ಪಿ, ಬದುಕುಳಿದ 5 ಸಾವಿರಕ್ಕೂ ಹೆಚ್ಚು ಮಂದಿಗೆ ಪರಿಹಾರ ಕೊಟ್ಟಿತು. ನೈರೋಬಿಯ ಉಹುರು ಪಾರ್ಕಿನ ಮೂಲೆಯಲ್ಲಿ ಒಂದು ಸ್ಮಾರಕಕ್ಕೂ ದುಡ್ಡು ಕೊಟ್ಟಿತು. ಅದರಲ್ಲಿ ಒಬ್ಬ ಹೆಂಗಸು ಕಾಡಿನ ಹೋರಾಟಗಾರನಿಗೆ ಊಟ ಕೊಡುತ್ತಿದ್ದಾಳೆ, ಇಬ್ಬರೂ ಮುಖ ಆಚೆ ತಿರುಗಿಸಿದ್ದಾರೆ. ಸಿಕ್ಕಿಬಿದ್ದು ಹೊಡೆತ ತಿಂದರೂ ಯಾರು ಅಂತ ಹೇಳಲು ಆಗಬಾರದು, ಅದಕ್ಕೆ.

ಇನ್ನು ನಮ್ಮವರು. ಇಂಡಿಯನ್ ಅಂದರೆ ಇಲ್ಲಿ ಅಂಗಡಿಯವನು, ದುಡ್ಡಿನವನು ಅನ್ನುವ ಮಾತಿದೆ. ಪೂರ್ತಿ ಸುಳ್ಳೂ ಅಲ್ಲ. ಬಿಳಿಯರು ಮೇಲೆ, ನಾವು ನಡುವೆ, ಕರಿಯರು ಕೆಳಗೆ ಅನ್ನುವ ಏಣಿಯಲ್ಲಿ ಸುಮಾರು ಜನ ಸುಮ್ನೆ ಕೂತಿದ್ದರು. ಆದರೆ 1950ರಲ್ಲೇ ಬಹಿರಂಗ ಸಭೆಯಲ್ಲಿ ಪೂರ್ವ ಆಫ್ರಿಕಾಕ್ಕೆ ಪೂರ್ಣ ಸ್ವಾತಂತ್ರ್ಯ ಬೇಕು ಅಂದವರು ಕಾರ್ಮಿಕ ನಾಯಕ ಮಖನ್ ಸಿಂಗ್. ಅದೇ ವರ್ಷ ಬಂಧನ, ಬಿಡುಗಡೆ 1961ರಲ್ಲಿ.

ಇನ್ನೊಬ್ಬರು ಪಿಯೋ ಗಾಮಾ ಪಿಂಟೋ. ಗೋವಾ ಮೂಲ, ಹುಟ್ಟಿದ್ದು ನೈರೋಬಿಯಲ್ಲಿ, 1927. ಓದಲಿಕ್ಕೆ ಊರಿಗೆ ಕಳಿಸಿದ್ದರು. ಗೋವಾದಲ್ಲಿ ಹೈಸ್ಕೂಲು ಮುಗಿಸಿ ಎರಡು ವರ್ಷ ಸೈನ್ಸ್ ಓದಿದ್ದು ಎಲ್ಲಿ ಗೊತ್ತಾ? ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ! ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆಮೇಲೆ ಗೋವಾದಿಂದ ಪೋರ್ಚುಗೀಸರನ್ನು ಓಡಿಸುವ ಚಳವಳಿಗೆ ಇಳಿದು, 1949ರಲ್ಲಿ ಇಲ್ಲಿಗೆ ವಾಪಸ್ ಬಂದರು. ಪತ್ರಿಕೆ ನಡೆಸಿದರು, ಮಾವ್ ಮಾವ್‌ಗೆ ಗುಟ್ಟಾಗಿ ನೆರವಾದರು. 1954ರಿಂದ ಕೀನ್ಯಾ ಕರಾವಳಿಯ ಮಾಂಡಾ ದ್ವೀಪದಲ್ಲಿ ಸೆರೆ.

1963ರ ಡಿಸೆಂಬರ್ 12ಕ್ಕೆ ಸ್ವಾತಂತ್ರ್ಯ ಬಂತು. ಪಿಂಟೋ ಸಂಸದರಾದರು, ಆದರೂ ಬಾಯಿ ಮುಚ್ಚಲಿಲ್ಲ. ಜಮೀನು ಬಡವರಿಗೆ ಸಿಗಬೇಕು ಅಂತ ಹೊಸ ಸರ್ಕಾರದ ಹತ್ತಿರವೂ ಜಗಳ. 1965ರ ಫೆಬ್ರುವರಿ 24ರಂದು ಮನೆ ಗೇಟಿನ ಹತ್ತಿರ, ಕಾರಿನಲ್ಲಿ ಪುಟ್ಟ ಮಗಳು ಇದ್ದಾಗಲೇ ಗುಂಡು ಹೊಡೆದರು. ವಯಸ್ಸು 37. ಹಿಂದೆ ನಿಂತು ಕೊಲ್ಲಿಸಿದವರು ಯಾರು ಅಂತ ಇಂದಿಗೂ ಹೊರಬಂದಿಲ್ಲ.

ಧಾರವಾಡದಲ್ಲಿ ಇರುವವರು ಯಾರಾದರೂ ಕರ್ನಾಟಕ ಕಾಲೇಜಿನ ಹಳೇ ರಿಜಿಸ್ಟರ್ ನೋಡಲು ಸಿಗುತ್ತಾ ಅಂತ ವಿಚಾರಿಸಿ. ಪಿಂಟೋ ಅಲ್ಲಿ ಓದಿದ್ದು 1944ಕ್ಕಿಂತ ಒಂದೆರಡು ವರ್ಷ ಹಿಂದೆ, ಆಗಿನದು. ಹೆಸರು ಕಂಡರೆ ಒಂದು ಫೋಟೋ ಕಳಿಸಿ, ಇಲ್ಲಿ ಆಫೀಸಿನವರಿಗೆ ತೋರಿಸಬೇಕು.