ಅವರು ನನಗೆ ಹೇಳಿದ ‘ಪೋಲೆ’

ಮಂಗಳವಾರದಿಂದ ಸ್ವಾಹಿಲಿ ಭಾಷೆಯ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಪೋಲೆ. ಮೊಣಕಾಲುದ್ದ ನೀರಿನಲ್ಲಿ ನಿಂತು, ಹರಿದ ಹಗ್ಗದ ತುದಿ ಹಿಡಿದುಕೊಂಡೇ ಆ ಹೆಂಗಸು ನನಗೆ ಹೇಳಿದ್ದು. ಹಗ್ಗ ಅವರದು. ಹರಿದದ್ದು ನನ್ನಿಂದ.

ಪಾಜೆಗೆ ಬಂದು ಆಗ ಒಂಬತ್ತು ದಿನ. ಪೂರ್ವ ಆಫ್ರಿಕದ ಜಾಂಜಿಬಾರ್ ದ್ವೀಪದ ಪೂರ್ವ ದಂಡೆಯ ಊರು ಇದು. ದಡದಿಂದ ತುಂಬಾ ದೂರದಲ್ಲಿ ಹವಳದ ದಿಬ್ಬ ಉದ್ದಕ್ಕೂ ಗೋಡೆ ಕಟ್ಟಿದ ಹಾಗೆ ಇದೆ. ಹಿಂದೂ ಮಹಾಸಾಗರದ ದೊಡ್ಡ ಅಲೆಗಳೆಲ್ಲ ಅಲ್ಲೇ ಬಿಳಿ ಗೆರೆಯಾಗಿ ಒಡೆದುಹೋಗುತ್ತವೆ. ಒಳಗಿನ ನೀರು ಕೆರೆಯಷ್ಟು ಶಾಂತ. ಗಾಳಿ ಮಾತ್ರ ಯಾವ ಅಡ್ಡಿಯೂ ಇಲ್ಲದೆ ಬೀಸುತ್ತದೆ. ಈಗ ಕೂಸಿ ಗಾಳಿಯ ಕಾಲ, ಆಗ್ನೇಯದಿಂದ ಬರುತ್ತದೆ. ಡಿಸೆಂಬರ್ ಹೊತ್ತಿಗೆ ಅದು ತಿರುಗಿ ಈಶಾನ್ಯದ ಕಸ್ಕಾಜಿ ಆಗುತ್ತದೆ. ಒಂದು ಕಾಲದಲ್ಲಿ ಅರೇಬಿಯದಿಂದ, ನಮ್ಮ ಪಶ್ಚಿಮ ಕರಾವಳಿಯಿಂದ ಹಾಯಿಹಡಗುಗಳು ಇಲ್ಲಿಗೆ ಬರುತ್ತಿದ್ದದ್ದು ಆ ಕಸ್ಕಾಜಿಯನ್ನು ನಂಬಿಕೊಂಡು. ವಾಪಸ್ ಹೋಗುತ್ತಿದ್ದದ್ದು ಈ ಕೂಸಿ ಗಾಳಿಯಲ್ಲಿ. ಅದೇ ಗಾಳಿಗೆ ನಾನು ಒಂಬತ್ತು ಚದರ ಮೀಟರಿನ ಗಾಳಿಪಟ ಹಾರಿಸಿ, ಕಾಲಿಗೆ ಹಲಗೆ ಸಿಕ್ಕಿಸಿ ನೀರ ಮೇಲೆ ಜಾರುವುದನ್ನು ಕಲಿಯುತ್ತಿದ್ದೆ.

ಇಲ್ಲಿನ ಉಬ್ಬರ ಇಳಿತ ನೋಡಿದರೆ ಯಾರಿಗಾದರೂ ಬೆರಗಾಗಬೇಕು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಬೆಳಗಿನ ಹೊತ್ತು ಸಮುದ್ರ ಹಿಂದೆ ಸರಿದು ಎಲ್ಲಿಗೋ ಹೋಗಿಬಿಡುತ್ತದೆ. ಅಲ್ಲಿ ತನಕ ಮರಳು, ಕೊಚ್ಚೆ, ಅಲ್ಲಲ್ಲಿ ಅರ್ಚಿನ್ ಅನ್ನುವ ಕಪ್ಪು ಮುಳ್ಳಿನ ಕಡಲಜೀವಿಗಳು. ಆಗ ಊರಿನ ಹೆಂಗಸರು ಮೈತುಂಬಾ ಬಣ್ಣದ ಬಟ್ಟೆ ಸುತ್ತಿಕೊಂಡು, ತಲೆ ಮೇಲೆ ಚೀಲ ಇಟ್ಟುಕೊಂಡು ನಡೆದು ಹೋಗುತ್ತಾರೆ. ಅಲ್ಲಿ ಅವರ ಹೊಲ ಇದೆ. ಕೋಲು ನೆಟ್ಟು, ಕೋಲಿನಿಂದ ಕೋಲಿಗೆ ಹಗ್ಗ ಎಳೆದು, ಹಗ್ಗಕ್ಕೆ ಗೇಣುಗೇಣಿಗೂ ಕಡಲಪಾಚಿಯ ಚಿಕ್ಕ ಚಿಕ್ಕ ಕವಲು ಕಟ್ಟುತ್ತಾರೆ. ಮ್ವಾನಿ ಅಂತ ಅದರ ಹೆಸರು. ಸುಮಾರು ಆರು ವಾರಕ್ಕೆ ಕಟಾವು. ಒಣಗಿಸಿ ಮಾರಿದರೆ ಅದರಿಂದ ಕ್ಯಾರಜೀನನ್ ಅನ್ನುವ ಅಂಟು ತೆಗೆಯುತ್ತಾರೆ. ಟೂತ್‌ಪೇಸ್ಟಿಗೆ, ಐಸ್‌ಕ್ರೀಮಿಗೆ ಹಾಕುವ ವಸ್ತು ಅದು. 1989ರ ಸುಮಾರಿಗೆ ಇಲ್ಲಿ ಮಾರಾಟಕ್ಕೆಂದು ಬೆಳೆಯುವುದು ಶುರುವಾಯಿತು. ಗಾಳಿಪಟದವರು ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಇದನ್ನು ನಾನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಉಳಿದುಕೊಂಡಿರುವ ಕಡೆ ರಾತ್ರಿ ಊಟಕ್ಕೆ ಕೂತಾಗ ಒಬ್ಬರು, "ಇಷ್ಟು ಒಳ್ಳೆಯ ಜಾಗದಲ್ಲಿ ಈ ಕೋಲುಗಳದ್ದೊಂದು ಕಾಟ" ಅಂದರು. ನಾಲ್ಕು ಜನ ತಲೆ ಆಡಿಸಿದರು. ನಾನೂ ಸುಮ್ನೆ ಇದ್ದೆ. ಅದು ಸೋಮವಾರ.

ಮರುದಿನ ಮಧ್ಯಾಹ್ನ ನೀರು ಏರತೊಡಗಿತ್ತು. ನನಗೆ ಕಲಿಸುವ ಹುಡುಗ ಇದೇ ಊರಿನವನು. ಅವನ ಅಮ್ಮನೂ ಮ್ವಾನಿ ಬೆಳೆಯುತ್ತಾಳೆ. ಕೋಲು ಕಾಣುವ ಕಡೆಗೆ ಹೋಗಲೇಬೇಡಿ, ನೀರು ಇನ್ನೂ ಏರಲಿ ಅಂತ ಅವನು ಎರಡು ಸಲ ಹೇಳಿದ್ದ. ನನಗೆ ಆತುರ. ಹಿಂದಿನ ದಿನ ಮೊದಲ ಬಾರಿಗೆ ಬೀಳದೆ ತುಂಬಾ ದೂರ ಹೋಗಿದ್ದೆ. ಆ ಖುಷಿ ಇನ್ನೂ ಮೈಯಲ್ಲಿತ್ತು.

ತಿರುಗುವಾಗ ಬಿದ್ದೆ. ಪಟವೂ ನೀರಿಗೆ ಬಿತ್ತು. ಗಾಳಿ ನನ್ನನ್ನು ಮೆಲ್ಲಗೆ ತಳ್ಳಿಕೊಂಡು ಹೋಯಿತು. ನೋಡಿದರೆ ಸುತ್ತ ಕೋಲುಗಳು. ಪಟದ ಲೈನ್ ಇಪ್ಪತ್ತನಾಲ್ಕು ಮೀಟರ್ ಉದ್ದ. ದಪ್ಪದಲ್ಲಿ ಟ್ವೈನ್ ದಾರಕ್ಕಿಂತ ಹೆಚ್ಚಿಲ್ಲ, ಆದರೆ ಎಳೆತಕ್ಕೆ ಬಿಗಿಯಾದರೆ ಚಾಕುವೇ. ಅದು ಎರಡು ಕೋಲಿಗೆ ಸುತ್ತಿಕೊಂಡಿತ್ತು. ಆಗ ಮಾಡಬೇಕಾದ್ದು ಒಂದೇ ಕೆಲಸ, ಎದೆ ಮುಂದಿನ ಕ್ವಿಕ್ ರಿಲೀಸ್ ತಳ್ಳುವುದು. ತಳ್ಳಿದರೆ ಪಟದ ಬಲವೆಲ್ಲ ಹೋಗಿ ಅದು ಒಂದೇ ದಾರಕ್ಕೆ ಬಾವುಟದ ಹಾಗೆ ಜೋತುಬೀಳುತ್ತದೆ. ಮೊದಲ ದಿನದ ಮೊದಲ ಪಾಠವೇ ಅದು. ನಾನು ತಳ್ಳಲಿಲ್ಲ. ಎಬ್ಬಿಸಿಬಿಡಬಹುದು ಅನ್ನಿಸಿತು. ಮೂರು ಸೆಕೆಂಡ್ ಇರಬಹುದು, ಅಷ್ಟೇ. ಒಂದು ಜೋರು ಗಾಳಿ ಬಂತು. ಪಟ ಎದ್ದಿತು. ಒಂದು ಕೋಲು ಕಿತ್ತುಕೊಂಡು ಬಂತು. ಲೈನ್ ಹಗ್ಗದ ಮೇಲೆ ಗರಗಸದ ಹಾಗೆ ಓಡಿ ಟಪ್ ಅಂತ ಕತ್ತರಿಸಿತು. ಅಷ್ಟರಲ್ಲಿ ಹುಡುಗ ಕೂಗುತ್ತಿದ್ದ, ನಾನು ರಿಲೀಸ್ ತಳ್ಳಿದೆ.

ಆಮೇಲೆ ಕಂಡದ್ದನ್ನು ಹೇಗೆ ಮರೆಯಲಿ? ಆ ಲೈನಿನಿಂದ ಐದಾರು ಮಾರು ಆಚೆ ಅವರು ನಿಂತಿದ್ದರು. ಅರವತ್ತು ದಾಟಿದ ಹೆಂಗಸು. ಕೊನೆಯ ಚೀಲ ತುಂಬಿಸುತ್ತಿದ್ದರು. ನನ್ನ ಕಣ್ಣಿಗೆ ಅಲ್ಲಿ ತನಕ ಅವರು ಬಿದ್ದೇ ಇರಲಿಲ್ಲ. ಐದಾರು ಮಾರು ಈಚೆ ಇದ್ದಿದ್ದರೆ?

ಅವರು ಬಂದರು. ಕತ್ತರಿಸಿದ ಹಗ್ಗ ಎತ್ತಿಕೊಂಡರು. ನನ್ನ ಮುಖ ನೋಡಿದರು. ಮೊಣಕೈ ತರಚಿ ರಕ್ತ ಬರುತ್ತಿತ್ತು, ಅದನ್ನೂ ನೋಡಿದರು. "ಪೋಲೆ" ಅಂದರು.

ನನಗೆ ಗೊತ್ತಿದ್ದದ್ದು ಪೋಲೆ ಪೋಲೆ ಮಾತ್ರ. ನಿಧಾನ ನಿಧಾನ ಅಂತ ಅರ್ಥ. ನಿಧಾನವಾಗಿ ಹೋಗು ಅಂತ ಬೈದರು ಅಂದುಕೊಂಡೆ. ಬೈಸಿಕೊಳ್ಳಬೇಕಾದ ಕೆಲಸವೇ ಮಾಡಿದ್ದೆ, ತಲೆ ತಗ್ಗಿಸಿದೆ. ದಡಕ್ಕೆ ಬಂದ ಮೇಲೆ ಹುಡುಗ ಬಿಡಿಸಿ ಹೇಳಿದ. ಒಂದೇ ಸಲ ಪೋಲೆ ಅಂದರೆ ಅದು ಬೇರೆ. ಎಡವಿ ಬಿದ್ದವರಿಗೆ, ಜ್ವರ ಬಂದವರಿಗೆ, ಮನೆಯವರನ್ನು ಕಳಕೊಂಡವರಿಗೆ ಹೇಳುವ ಮಾತು. ಅಯ್ಯೋ ಪಾಪ, ನೋವಾಯಿತಾ ಅಂದ ಹಾಗೆ. ತಪ್ಪು ಮಾಡಿದವರು ಹೇಳಬೇಕಾದ್ದು ‘ಸಮಹಾನಿ’. ಅದನ್ನು ನಾನು ಹೇಳಿರಲೇ ಇಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಆರು ವಾರದ ಬೆಳೆಯ ಒಂದು ಸಾಲು ನನ್ನ ಕಾಲಬುಡದಲ್ಲಿ ತೇಲಿ ಹೋಯಿತು. ಅದಕ್ಕೆ ಮೊದಲೇ ಅವರ ಕಷ್ಟ ಸಣ್ಣದಲ್ಲ. ಕಾಟೋನಿ ಅನ್ನುವ ಜಾತಿಗೆ ಜಾಸ್ತಿ ಬೆಲೆ ಇದೆ, ಆದರೆ ನೀರು ಬಿಸಿಯಾದ ಹಾಗೆಲ್ಲ ಅದು ಬಿಳಿಚಿ ಸಾಯುತ್ತದೆ. ಉಳಿಯುವುದು ಸ್ಪಿನೋಸಮ್, ಅದಕ್ಕೆ ಬೆಲೆ ಕಡಿಮೆ. ಬೆನ್ನು ಬಗ್ಗಿಸಿ ಬಿಸಿಲಲ್ಲಿ, ಉಪ್ಪುನೀರಲ್ಲಿ ಗಂಟೆಗಟ್ಟಲೆ ನಿಂತು ಇದನ್ನು ಬೆಳೆಯುವವರಿಗೆ ನಮ್ಮ ಲೈನ್ ಕಾಟವಾ, ಅವರ ಕೋಲು ನಮಗೆ ಕಾಟವಾ? ಊಟದ ಮೇಜಿನಲ್ಲಿ ಅವತ್ತೇ ಇದನ್ನು ಕೇಳಬೇಕಿತ್ತು. ಆ ಮನುಷ್ಯ ಕೆಟ್ಟವರೇನಲ್ಲ, ಪಟ ಹಾರಿಸುವುದರಲ್ಲಿ ನಿಪುಣರು. ಆದರೆ ಒಂದು ಜಾಗವನ್ನು ಬರೀ ಗಾಳಿ, ನೀರು ಅಂತ ನೋಡಿ ನೋಡಿ ಅಲ್ಲಿರುವ ಜನ ಕಾಣದೇ ಹೋಗುವುದು ದೊಡ್ಡ ಕುರುಡು. ನನಗೂ ಅದೇ ಆಗಿತ್ತಲ್ವಾ?

ಬುಧವಾರ ಇಳಿತದ ಹೊತ್ತಿಗೆ ಹುಡುಗನ ಜೊತೆ ಬರಿಗೈಲಿ ಹೋದೆ. ದೊಡ್ಡವರಿಗೆ ಇಲ್ಲಿ ‘ಶಿಕಮೂ’ ಅನ್ನಬೇಕು. ನಿಮ್ಮ ಕಾಲು ಹಿಡಿದೆ ಅಂತ ಅದರ ಮೂಲ ಅರ್ಥವಂತೆ. ಕೇಳಿದಾಗ ಮನಸ್ಸಿಗೆ ಎಷ್ಟು ಹತ್ತಿರ ಅನ್ನಿಸಿತು! ಶಿಕಮೂ ಅಂದೆ. "ಮರಹಬಾ" ಅಂದರು. ಸಮಹಾನಿ ಅಂದೆ. ದುಡ್ಡು ಕೊಡಲು ಹೋದಾಗ ಕೈ ಅಡ್ಡ ಆಡಿಸಿ, ಹಗ್ಗದ ಇನ್ನೊಂದು ತುದಿ ನನ್ನ ಕೈಗಿಟ್ಟರು. ಕೋಲು ನೆಟ್ಟೆವು. ಕವಲು ಕಟ್ಟಿದೆವು. ಸಣ್ಣ ದಾರವನ್ನು ಕವಲಿಗೆ ಸಡಿಲವಾಗಿ ಸುತ್ತಿ ಗಂಟು ಹಾಕಬೇಕು. ಬಿಗಿಯಾದರೆ ಪಾಚಿ ತುಂಡಾಗುತ್ತದೆ, ತೀರಾ ಸಡಿಲವಾದರೆ ಉಬ್ಬರ ಬಂದಾಗ ಕಳಚಿ ಹೋಗುತ್ತದೆ. ನಾನು ಒಂದು ಕಟ್ಟುವಷ್ಟರಲ್ಲಿ ಅವರ ಬೆರಳು ಎಂಟು ಕಟ್ಟುತ್ತಿತ್ತು. ನೋಡದೇ ಕಟ್ಟುತ್ತಿದ್ದರು.

ನಿನ್ನೆ ಮತ್ತೆ ಹೋದೆ. ನಾನು ಕಟ್ಟಿದ್ದರಲ್ಲಿ ಆರು ಕವಲು ಇರಲಿಲ್ಲ. ಖಾಲಿ ದಾರಗಳು ನೀರಿನಲ್ಲಿ ಅಲ್ಲಾಡುತ್ತಿದ್ದವು. ಅವರು ಒಂದೊಂದನ್ನೇ ಬೆರಳಿನಿಂದ ಮುಟ್ಟಿ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಪೋಲೆ" ಅಂದರು.

ಈ ಸಲ ಅರ್ಥವಾಯಿತು. ‘ಅಸಾಂತೆ’ ಅಂದೆ, ಧನ್ಯವಾದ ಅಂತ. ಅವರು ಸೊಂಟದಿಂದ ದಾರದ ಕಟ್ಟು ಬಿಚ್ಚಿ ಅರ್ಧ ನನಗೆ ಕೊಟ್ಟರು.